ಚರ್ಮಗಂಟು ರೋಗ ಬಂದ ದಾರಿ



2022ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ರಾಜ್ಯದ ಕೊಟ್ಟಿಗೆ ಕೊಟ್ಟಿಗೆಯಲ್ಲೂ ಒಂದೇ ಮಾತು ಕೇಳಿಬರುತ್ತಿತ್ತು: "ಇದು ಎಲ್ಲಿಂದ ಬಂತು ಡಾಕ್ಟ್ರೇ?" ಮೈತುಂಬ ಗಂಟೆದ್ದು, ಕಾಲು ಬಾತು, ಮೇವು ಬಿಟ್ಟು ನಿಂತ ಹಸುವಿನ ಪಕ್ಕದಲ್ಲಿ ನಿಂತು ಕೇಳಿದ ಪ್ರಶ್ನೆ ಅದು. ಬರಿಯ ಕುತೂಹಲ ಅದರಲ್ಲಿರಲಿಲ್ಲ. ಈ ವೈರಸ್ಸನ್ನು ಕೊಲ್ಲುವ ಔಷಧ ಇಲ್ಲವೆಂದು ಜನರಿಗೆ ಅಷ್ಟರಲ್ಲಾಗಲೇ ತಿಳಿದಿತ್ತು. ಎಲ್ಲಿಂದ ಬಂತೆಂದು ಗೊತ್ತಾದರೆ ಪಕ್ಕದ ಮನೆಯ ಹಸುವನ್ನಾದರೂ ಉಳಿಸಿಕೊಳ್ಳಬಹುದೇ ಎಂಬ ಆಸೆ ಆ ಪ್ರಶ್ನೆಯಲ್ಲಿತ್ತು. ಇವತ್ತಿನ ಉಪನ್ಯಾಸವನ್ನು ಆ ಪ್ರಶ್ನೆಗೇ ಮೀಸಲಿಡುತ್ತೇನೆ.

ರೋಗದ ಪರಿಚಯ ಚುಟುಕಾಗಿ ಹೇಳಿಬಿಡುತ್ತೇನೆ. ಕುರಿಸಿಡುಬು, ಮೇಕೆಸಿಡುಬುಗಳನ್ನು ತರುವ ವೈರಸ್ಸುಗಳ ಒಡಹುಟ್ಟಿದ ವೈರಸ್ಸೇ ಚರ್ಮಗಂಟು ರೋಗವನ್ನೂ ತರುತ್ತದೆ. ಮೊದಲು ಜ್ವರ, 41 ಡಿಗ್ರಿ ಸೆಲ್ಸಿಯಸ್ ದಾಟುವುದೂ ಉಂಟು. ಕಣ್ಣು ಮೂಗುಗಳಲ್ಲಿ ನೀರು ಇಳಿಯುತ್ತದೆ, ಹಾಲು ಕಡಿಮೆಯಾಗುತ್ತದೆ. ಒಂದೆರಡು ದಿನ ಕಳೆದ ಮೇಲೆ ಗಂಟು ಕಾಣಿಸುತ್ತವೆ. ಗಬ್ಬದ ಹಸು ಕಂದು ಹಾಕಬಹುದು. ಮನುಷ್ಯರಿಗೆ ಇದು ಅಂಟುವುದಿಲ್ಲ. ಆ ವರ್ಷ ಹಾಲು ಕುಡಿಯಲು ಹೆದರಿದವರ ಭಯಕ್ಕೆ ಆಧಾರವಿರಲಿಲ್ಲ. ಜಾಡು ಹಿಡಿಯುವವರನ್ನು ಕಾಡುವ ಸಂಗತಿ ಬೇರೆ ಇದೆ. ಸೋಂಕು ತಗುಲಿದ ಎಲ್ಲ ದನಗಳಿಗೂ ಗಂಟು ಏಳುವುದಿಲ್ಲ. ಪ್ರಯೋಗಾಲಯದಲ್ಲಿ ಬೇಕೆಂದೇ ಸೋಂಕು ಕೊಟ್ಟ ದನಗಳಲ್ಲೂ ಸುಮಾರು ಅರ್ಧದಷ್ಟು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಉಳಿದದ್ದುಂಟು. ರಕ್ತದಲ್ಲಿ ವೈರಸ್ ಇಟ್ಟುಕೊಂಡೂ ಮೈಮೇಲೆ ಯಾವ ಗುರುತೂ ಇಲ್ಲದೆ ಸಂತೆಗೆ ಹೋಗಿ ನಿಲ್ಲುವ ದನವನ್ನು ಯಾರು ಗುರುತಿಸಬೇಕು?

ಈ ರೋಗವನ್ನು ಮೊದಲು ದಾಖಲಿಸಿದ್ದು 1929ರಲ್ಲಿ, ಇಂದಿನ ಜಾಂಬಿಯಾದಲ್ಲಿ. ಆಗ ಅದನ್ನು ರೋಗವೆಂದೇ ಯಾರೂ ಭಾವಿಸಲಿಲ್ಲ. ಯಾವುದೋ ವಿಷದ ಗಿಡ ಮೇಯ್ದದ್ದರಿಂದಲೋ, ಕೀಟ ಕಚ್ಚಿದ್ದರಿಂದಲೋ ಚರ್ಮ ಹೀಗೆ ಎದ್ದಿದೆ ಎಂದುಕೊಂಡರು. ಹದಿನಾಲ್ಕು ವರ್ಷಗಳ ನಂತರ, 1943ರಲ್ಲಿ, ಬೋಟ್ಸ್ವಾನಾದಲ್ಲಿ ಕಾಣಿಸಿಕೊಂಡಿತು. ಮರುವರ್ಷ ದಕ್ಷಿಣ ಆಫ್ರಿಕಾಕ್ಕೆ ಬಂತು. ರೋಗಿ ದನದ ಗಂಟನ್ನು ಅರೆದು ಆರೋಗ್ಯವಂತ ದನಕ್ಕೆ ಚುಚ್ಚಿ, ಇದು ಒಂದರಿಂದ ಇನ್ನೊಂದಕ್ಕೆ ಹರಡುವ ಸೋಂಕು ಎಂದು ಅಲ್ಲಿ ತೋರಿಸಿಕೊಟ್ಟರು. ಅಷ್ಟರಲ್ಲಿ ಕೈ ಮೀರಿತ್ತು. 1949ರವರೆಗೆ ಅಲ್ಲಿ ಸುಮಾರು 80 ಲಕ್ಷ ದನಗಳಿಗೆ ರೋಗ ತಗುಲಿತು. ವಿಷದ ಗಿಡ ಎಂದು ನಂಬಿದವರಿಗೆ ದನದ ಓಡಾಟ ನಿಲ್ಲಿಸಬೇಕೆಂದು ಹೊಳೆಯುವುದಾದರೂ ಹೇಗೆ? ಕಾರಣ ಏನೆಂದು ತಪ್ಪಾಗಿ ತಿಳಿದರೆ ಹುಡುಕುವ ದಿಕ್ಕೂ ತಪ್ಪುತ್ತದೆ.

ಮುಂದೆ 1957ರಲ್ಲಿ ಕೀನ್ಯಾ, 1970ರ ದಶಕದ ಆರಂಭದಲ್ಲಿ ಸುಡಾನ್, ಆಮೇಲೆ ಪಶ್ಚಿಮ ಆಫ್ರಿಕಾ. ಸುಮಾರು ಆರು ದಶಕ ಇದು ಆಫ್ರಿಕಾ ಖಂಡದ ಒಳಗೇ ಇತ್ತು. 1988ರಲ್ಲಿ ಈಜಿಪ್ಟ್ ತಲುಪಿತು. 1989ರಲ್ಲಿ ಇಸ್ರೇಲಿನ ಒಂದು ಹಳ್ಳಿಯಲ್ಲಿ ಕಾಣಿಸಿದಾಗ ಇಡೀ ಪಶುವೈದ್ಯ ಲೋಕ ಬೆಚ್ಚಿತು, ಏಕೆಂದರೆ ಆಫ್ರಿಕಾದ ಆಚೆಗೆ ಅದು ಕಾಲಿಟ್ಟದ್ದು ಅದೇ ಮೊದಲು. ದನ ತಂದವರು ಯಾರೆಂದು ಹುಡುಕಿದರು, ಸಿಗಲಿಲ್ಲ. ಕೊನೆಗೆ ಸಂಶಯ ಹೋದದ್ದು ಕಚ್ಚುವ ನೊಣಗಳ ಮೇಲೆ. ಈಜಿಪ್ಟಿನ ಕಡೆಯಿಂದ ಬೀಸಿದ ಗಾಳಿಯಲ್ಲೋ, ದನ ಸಾಗಿಸುವ ವಾಹನದಲ್ಲೋ ಅವು ಬಂದಿರಬೇಕೆಂದು ಊಹಿಸಿದರು.

ನೊಣ, ಸೊಳ್ಳೆ, ಉಣ್ಣೆ ಈ ಮೂರೂ ಈ ರೋಗದ ವಾಹಕಗಳು. ಹಳದಿ ಜ್ವರ, ಡೆಂಗೀ ತರುವ ಈಡಿಸ್ ಸೊಳ್ಳೆ ರೋಗಿ ದನದ ರಕ್ತ ಹೀರಿದ ಕೆಲವು ದಿನಗಳ ನಂತರವೂ ಇನ್ನೊಂದು ದನಕ್ಕೆ ಸೋಂಕು ದಾಟಿಸಬಲ್ಲದೆಂದು ಪ್ರಯೋಗಗಳು ತೋರಿಸಿವೆ. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಬದಲಿಸದೆ ಬಳಸುವ ಸೂಜಿಯೂ ಸೊಳ್ಳೆಯ ಕೆಲಸವನ್ನೇ ಮಾಡುತ್ತದೆ. ಪಶುವೈದ್ಯ ಮಿತ್ರರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಆದರೆ ಕೀಟಗಳಿಗೆ ಹಾರುವ ಮಿತಿ ಇದೆ. ಈ ಮಾತು ನನಗೆ ಮುಖ್ಯ. 2012ರ ನಂತರ ರೋಗ ಇಸ್ರೇಲ್, ಲೆಬನಾನ್, ಜೋರ್ಡಾನ್, ಇರಾಕ್, ಟರ್ಕಿ, ಇರಾನ್‌ಗಳನ್ನು ಹಾದು 2015ರ ಆಗಸ್ಟ್‌ನಲ್ಲಿ ಗ್ರೀಸ್ ಮುಟ್ಟಿತು. ಮರುವರ್ಷ ಬಲ್ಗೇರಿಯಾ, ಮೆಸಿಡೋನಿಯಾ, ಸರ್ಬಿಯಾ, ಅಲ್ಬೇನಿಯಾಗಳಿಗೆ ಹರಡಿತು. ಆ ಬಾಲ್ಕನ್ ನಾಡುಗಳಲ್ಲಿ ರೋಗ ಕಂಡ ಒಂದೊಂದು ಹಟ್ಟಿಯ ಸ್ಥಳ, ದಿನಾಂಕ ಬರೆದಿಟ್ಟಿದ್ದರಿಂದ ವೇಗವನ್ನು ಲೆಕ್ಕ ಹಾಕಲು ಸಾಧ್ಯವಾಯಿತು. ಸಾಮಾನ್ಯವಾಗಿ ವಾರಕ್ಕೆ ಏಳು ಕಿಲೋಮೀಟರಿನ ಆಸುಪಾಸು. ಅದು ನೊಣದ ವೇಗ. ನಡುನಡುವೆ ಮಾತ್ರ ರೋಗ ಒಮ್ಮೆಲೇ ನೂರಾರು ಕಿಲೋಮೀಟರ್ ದಾಟಿ ಕಾಣಿಸಿಕೊಂಡಿತ್ತು. ಅಷ್ಟು ದೂರವನ್ನು ಯಾವ ನೊಣವೂ ತಾನಾಗಿ ಹಾರಿ ದಾಟದು. ಅದು ಲಾರಿಯ ವೇಗ. 2025ರಲ್ಲಿ ಫ್ರಾನ್ಸಿನಲ್ಲಿಯೂ ಹೀಗೇ ಆಯಿತು. ಜೂನ್‌ನಲ್ಲಿ ಆಲ್ಪ್ಸ್ ಬೆಟ್ಟಗಳ ಸವೋಯಿಯಲ್ಲಿ ಕಂಡ ರೋಗ ಅಕ್ಟೋಬರ್‌ನಲ್ಲಿ ಸ್ಪೇನಿನ ಗಡಿಗೆ ತಾಕಿದ ಜಿಲ್ಲೆಯಲ್ಲಿ ಎದ್ದಾಗ, ದನ ಸಾಗಿಸಿದವರ ಮೇಲೆಯೇ ಎಲ್ಲರ ಕಣ್ಣು ಹೋಯಿತು. ಮತ್ತೆ ಬಾಲ್ಕನ್ನಿಗೆ ಬಂದರೆ, ಆ ದೇಶಗಳು ಸಾಮೂಹಿಕ ಲಸಿಕೆ ಹಾಕಿಸಿ ಒಂದೆರಡು ವರ್ಷದಲ್ಲಿ ರೋಗವನ್ನು ಹೊರಗಟ್ಟಿದವು. ರೋಗ ಎಷ್ಟು ವೇಗವಾಗಿ ಬರುತ್ತಿದೆಯೆಂದು ಗೊತ್ತಿದ್ದರೆ, ಅದಕ್ಕಿಂತ ಮುಂದೆ ಹೋಗಿ ಎಲ್ಲಿ ಲಸಿಕೆ ಹಾಕಬೇಕೆಂಬುದೂ ಗೊತ್ತಾಗುತ್ತದೆ.

ಸಂತೆ ಏನು ಮಾಡಬಲ್ಲದು ಎಂಬುದಕ್ಕೆ ಇನ್ನೊಂದು ರೋಗದ ಉದಾಹರಣೆ ಕೊಡುತ್ತೇನೆ. 2001ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಎಸೆಕ್ಸ್‌ನ ಕಸಾಯಿಖಾನೆಯೊಂದರಲ್ಲಿ ಕಾಲುಬಾಯಿ ಜ್ವರ ಪತ್ತೆಯಾಯಿತು. ಅಧಿಕಾರಿಗಳು ಆ ಪ್ರಾಣಿಗಳು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ದೇಶದ ಇನ್ನೊಂದು ತುದಿಯ ಹಂದಿ ಸಾಕಣೆಯೊಂದನ್ನು ಮುಟ್ಟಿದರು. ಅಲ್ಲಿಂದ ಸೋಂಕು ನೆರೆಯ ಕುರಿಗಳಿಗೆ ಹೋಗಿತ್ತು, ಕುರಿಗಳು ಹೆಕ್ಸಮ್, ಲಾಂಗ್‌ಟೌನ್ ಸಂತೆಗಳಲ್ಲಿ ಮಾರಾಟವಾಗಿ ಊರೂರು ಸೇರಿದ್ದವು. ಮೊದಲ ಪ್ರಕರಣ ಖಚಿತವಾಗುವ ಮೊದಲೇ ಐವತ್ತಕ್ಕೂ ಹೆಚ್ಚು ಫಾರಂಗಳಿಗೆ ರೋಗ ಹೋಗಿಯಾಗಿತ್ತು. ಆ ವರ್ಷ ಅಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಮಾರಾಟದ ಕಾಗದ ಪತ್ರಗಳಿದ್ದ ದೇಶದಲ್ಲೇ ಹೀಗಾಯಿತು.

ಈಗ ನಮ್ಮ ನೆರೆಹೊರೆಗೆ ಬರೋಣ. 2019ರ ಜುಲೈಯಲ್ಲಿ ಬಾಂಗ್ಲಾದೇಶ, ಆಗಸ್ಟ್‌ನಲ್ಲಿ ಚೀನಾದ ಷಿನ್‌ಜಿಯಾಂಗ್, ಅದೇ ಆಗಸ್ಟ್‌ನಲ್ಲಿ ನಮ್ಮ ಒಡಿಶಾ, ಮೂರೂ ಕಡೆ ಚರ್ಮಗಂಟು ರೋಗ ಮೊದಲ ಬಾರಿಗೆ ವರದಿಯಾಯಿತು. ನಕ್ಷೆಯ ಮೇಲೆ ಮೂರು ಚುಕ್ಕೆ ಇಟ್ಟು ನೋಡಿದರೆ ಯಾರಿಗಾದರೂ ಒಂದೇ ಅಲೆ ಎನಿಸುತ್ತದೆ. ವೈರಸ್ಸಿನ ಜೀನೋಮು ಅದನ್ನು ಒಪ್ಪಲಿಲ್ಲ.

ಜೀನೋಮಿನಿಂದ ದಾರಿ ಹೇಗೆ ತಿಳಿಯುತ್ತದೆಂದು ಹೇಳಲು ನಮ್ಮ ಓಲೆಗರಿ ವಿದ್ವಾಂಸರ ಕ್ರಮವನ್ನೇ ನೆನೆಯುತ್ತೇನೆ. ಒಂದು ಕಾವ್ಯದ ಹತ್ತು ಪ್ರತಿ ಸಿಕ್ಕರೆ ಗ್ರಂಥ ಸಂಪಾದಕರು ಅಕ್ಷರ ದೋಷಗಳನ್ನು ಹೋಲಿಸುತ್ತಾರೆ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ ಅವೆರಡೂ ಒಂದೇ ಮೂಲದಿಂದ ಇಳಿದವು. ಹಾಗೆ ಪ್ರತಿಗಳ ವಂಶವೃಕ್ಷ ಬರೆಯುತ್ತಾರೆ. ಚರ್ಮಗಂಟು ವೈರಸ್ಸಿನ ಜೀನೋಮು ಸುಮಾರು ಒಂದೂವರೆ ಲಕ್ಷ ಅಕ್ಷರಗಳ ಪಠ್ಯ. ಒಂದು ದನದಿಂದ ಇನ್ನೊಂದಕ್ಕೆ ನಕಲಾಗುತ್ತ ಹೋಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಇದು ಡಿಎನ್‌ಎ ವೈರಸ್ಸಾದ್ದರಿಂದ ಕಾಲುಬಾಯಿ ಜ್ವರದ ವೈರಸ್ಸಿನಷ್ಟು ಬೇಗ ಬದಲಾಗುವುದಿಲ್ಲ, ಲಿಪಿಕಾರ ಜಾಗರೂಕ. ಆದರೂ ಬದಲಾದಷ್ಟು ಸಾಕು.

ಒಡಿಶಾದ ಮಾದರಿಗಳನ್ನು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅವು ಕೀನ್ಯಾದ ಹಳೆಯ ತಳಿಗಳಿಗೆ ಹತ್ತಿರವಿದ್ದವು. ಬಾಂಗ್ಲಾದೇಶದ ವೈರಸ್ಸೂ ಅದೇ ಕುಲದ್ದು. ಚೀನಾದ ವೈರಸ್ ಮಾತ್ರ ಬೇರೆಯೇ. ಅದರಲ್ಲಿ ಒಂದು ತುಣುಕು ಲಸಿಕೆಯ ತಳಿಯದು, ಮುಂದಿನ ತುಣುಕು ಕೀನ್ಯಾ ತಳಿಯದು. ಲಿಪಿಕಾರ ಎರಡು ಮಾತೃಕೆಗಳನ್ನು ಎದುರಿಟ್ಟುಕೊಂಡು ಒಂದು ಗರಿ ಇದರಿಂದ, ಒಂದು ಗರಿ ಅದರಿಂದ ಬರೆದಂತೆ. ಇಂಥ ಮಿಶ್ರ ವೈರಸ್ 2017ರಲ್ಲಿ ರಷ್ಯಾದ ಸರಾತೋವ್‌ನಲ್ಲಿಯೇ ಸಿಕ್ಕಿತ್ತು. ನೆರೆಯ ಕಝಾಕಿಸ್ತಾನದಲ್ಲಿ ಬಳಕೆಯಾಗಿದ್ದ ಒಂದು ಲಸಿಕೆಯನ್ನು ಬೆಲ್ಜಿಯಂನ ವಿಜ್ಞಾನಿಗಳು ಆಮೇಲೆ ಪರೀಕ್ಷಿಸಿದಾಗ ಅದರಲ್ಲಿ ಒಂದು ತಳಿ ಇರಬೇಕಾದ ಕಡೆ ಹಲವು ತಳಿಗಳು ಬೆರೆತಿದ್ದವು. ತಯಾರಿಕೆಯ ಹಂತದಲ್ಲೇ ಅವು ಒಂದಕ್ಕೊಂದು ಕೂಡಿ ಹೊಸ ವೈರಸ್ಸುಗಳು ಹುಟ್ಟಿರಬೇಕೆಂಬ ತೀರ್ಮಾನಕ್ಕೆ ಅವರು ಬಂದರು. ಚೀನಾ, ವಿಯೆಟ್ನಾಂ, ಥಾಯ್ಲೆಂಡ್‌ಗಳನ್ನು ಕಾಡಿದ್ದು ಇಂಥ ಮಿಶ್ರ ಕುಲವೇ. ರೋಗ ತಡೆಯಬೇಕಾದ ಬಾಟಲಿಯಿಂದಲೇ ರೋಗ ಹೊರಟಿತೆಂಬುದು ಬಹಳ ನೋವಿನ ಸಂಗತಿ. ಇದನ್ನು ಕೇಳಿ ಯಾರೂ ಲಸಿಕೆಯನ್ನೇ ದೂರ ಮಾಡಬಾರದು. ಬಾಲ್ಕನ್ ನಾಡುಗಳನ್ನು ಉಳಿಸಿದ್ದು ಶುದ್ಧವಾಗಿ ತಯಾರಿಸಿದ ಲಸಿಕೆಯೇ. ಒಂದೊಂದು ಬ್ಯಾಚಿನ ಲಸಿಕೆಯನ್ನೂ ಪರೀಕ್ಷಿಸಿಯೇ ಹೊರಗೆ ಬಿಡಬೇಕೆಂದು ಪಟ್ಟು ಹಿಡಿಯುವ ಹಕ್ಕು ನಮಗಿದೆ.

ಭಾರತದಲ್ಲಿ 2019ರ ರೋಗ ಸೌಮ್ಯವಾಗಿತ್ತು. ಒಡಿಶಾದ ಐದು ಜಿಲ್ಲೆಗಳಲ್ಲಿ ಪರಿಶೀಲಿಸಿದ ದನಗಳಲ್ಲಿ ನೂರಕ್ಕೆ ಏಳರಷ್ಟಕ್ಕೆ ರೋಗವಿತ್ತು, ಸಾವು ಕಂಡಿರಲಿಲ್ಲ. 2020ರಲ್ಲಿ ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿಯೂ ಗಂಟು ಕಾಣಿಸಿಕೊಂಡು ಹೋದವು. ಅದಕ್ಕೇ ನಾವು ಸಮಾಧಾನದಿಂದಿದ್ದೆವು. 2022ರ ಬೇಸಿಗೆಯಲ್ಲಿ ಗುಜರಾತಿನ ಕಛ್‌ನಲ್ಲಿ ಎದ್ದ ರೋಗ ಬೇರೆಯೇ ರೂಪ ತಾಳಿತು. ರಾಜಸ್ಥಾನದ ಊರಾಚೆಗಳಲ್ಲಿ ಸತ್ತ ಹಸುಗಳ ರಾಶಿಯ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಆ ವರ್ಷ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನ ಸತ್ತವೆಂದು ಸರ್ಕಾರದ ಲೆಕ್ಕ. ನಮ್ಮಲ್ಲಿ ಹಾವೇರಿ ಸೀಮೆಯಿಂದ ಹಿಡಿದು ಕೋಲಾರದವರೆಗೆ ಕೊಟ್ಟಿಗೆಗಳು ಬರಿದಾದವು.

ಅದೇ ವೈರಸ್ ಮೂರು ವರ್ಷಗಳಲ್ಲಿ ಕ್ರೂರವಾಯಿತೇ, ಹೊಸದು ಬಂತೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಉತ್ಪಲ್ ತಾತು ಅವರ ತಂಡ ಪಶುವೈದ್ಯ ಸಂಸ್ಥೆಗಳ ಜೊತೆ ಸೇರಿ ಇದನ್ನು ಹುಡುಕಿತು. ಗುಜರಾತ್, ಮಹಾರಾಷ್ಟ್ರ, ರಾಜಸ್ಥಾನ, ಕರ್ನಾಟಕಗಳ ರೋಗಿ ದನಗಳಿಂದ ಮಾದರಿ ತಂದು 22 ಜೀನೋಮುಗಳನ್ನು ಓದಿದರು. ಎರಡು ಬಗೆಯ ವೈರಸ್ಸುಗಳು ದೇಶದಲ್ಲಿ ಓಡಾಡುತ್ತಿದ್ದವು. ಒಂದು, ಹಿಂದೆ ರಾಂಚಿ ಮತ್ತು ಹೈದರಾಬಾದುಗಳಲ್ಲಿ ಸಿಕ್ಕಿದ್ದಕ್ಕೆ ಹತ್ತಿರದ್ದು. ಇನ್ನೊಂದರಲ್ಲಿ ಬದಲಾವಣೆಗಳು ಬಹಳ. ಅದು 2015ರ ರಷ್ಯಾ ರೋಗದ ತಳಿಯನ್ನು ಹೋಲುತ್ತಿತ್ತು. ಹಾಗಾದರೆ ದೇಶದೊಳಗೆ ರೋಗ ಒಮ್ಮೆ ಬಂದು ಉಳಿದುಕೊಂಡಿತೆಂಬ ಸರಳ ಕಥೆ ನಿಲ್ಲುವುದಿಲ್ಲ. ಕಡೇಪಕ್ಷ ಎರಡು ಬಾಗಿಲು ತೆರೆದಿದ್ದವು.

ಇಷ್ಟು ಹೇಳಿ ಜೀನೋಮು ಮೌನವಾಗುತ್ತದೆ. ಯಾರ ನೆಂಟನೆಂದು ಅದು ಹೇಳುತ್ತದೆ, ಯಾವ ಲಾರಿಯಲ್ಲಿ, ಯಾವ ದಿನ, ಯಾವ ಸಂತೆಯಿಂದ ಎಂದು ಹೇಳದು. ಅದನ್ನು ಹೇಳಬೇಕಾದವರು ಮನುಷ್ಯರು. ನನ್ನ ಇಡೀ ಉಪನ್ಯಾಸದ ತಿರುಳು ಇಷ್ಟೇ: ರೋಗದ ಜಾಡಿನ ಮೊದಲ ಸಾಲನ್ನು ಬರೆಯುವವರು ದನ ಕಟ್ಟಿದವರು. ಆ ಸಾಲು ಇಲ್ಲದಿದ್ದರೆ ಎಷ್ಟು ದೊಡ್ಡ ಯಂತ್ರವಿದ್ದರೂ ದಾರಿ ಸಿಗುವುದಿಲ್ಲ.

ನಮ್ಮಲ್ಲಿ ಆ ಸಾಲು ಎಲ್ಲಿ ಕಳೆದುಹೋಗುತ್ತದೆ? ಸಿದ್ಧಗಂಗೆಯ ಜಾತ್ರೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ, ಚುಂಚನಕಟ್ಟೆಯ ಪರಿಷೆ, ತೆಂಡೇಕೆರೆಯ ಸಂತೆ. ಹಳ್ಳಿಕಾರ್ ಎತ್ತಿನ ಜೋಡಿಗೆ ಅಲ್ಲಿ ಸಿಗುವ ಬೆಲೆ, ಮರ್ಯಾದೆ ಬೇರೆಲ್ಲೂ ಸಿಗದು. ಈ ಜಾತ್ರೆಗಳು ನಮ್ಮ ತಳಿಗಳನ್ನು ಉಳಿಸಿವೆ, ಅವನ್ನು ನಿಲ್ಲಿಸಬೇಕೆಂದು ನಾನು ಯಾವತ್ತೂ ಹೇಳುವವನಲ್ಲ. 2022ರ ಕೊನೆಯಲ್ಲಿ ಘಾಟಿಯ ದನಗಳ ಜಾತ್ರೆಯನ್ನು ನಿಷೇಧಿಸಬೇಕಾಗಿ ಬಂದಾಗ ರೈತರಿಗಾದ ನಷ್ಟ ಸಣ್ಣದಲ್ಲ. ಆದರೆ ಅಲ್ಲಿ ಕೈ ಬದಲಾದ ಎತ್ತು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಬರೆದಿಡುವ ಪುಸ್ತಕ ಎಲ್ಲಿದೆ? ದಲ್ಲಾಳಿಯ ನೆನಪಿನಲ್ಲಿದೆ, ಅಷ್ಟೇ. ಸೋಂಕು ತಗುಲಿ ರೋಗ ಕಾಣಿಸುವ ನಡುವೆ 28 ದಿನಗಳವರೆಗೂ ಸಮಯವಿರಬಹುದೆಂದು ಅಂತರರಾಷ್ಟ್ರೀಯ ನಿಯಮಗಳು ಲೆಕ್ಕ ಹಿಡಿಯುತ್ತವೆ. ಅಷ್ಟು ದಿನದಲ್ಲಿ ಒಂದು ಜೋಡಿ ಎರಡು ಮೂರು ಸಂತೆ ಕಂಡಿರುತ್ತದೆ.

ಇನ್ನೊಂದು ಕಡೆ, ಗೊತ್ತಿದ್ದವರೂ ಹೇಳುವುದಿಲ್ಲ. ಅವರನ್ನು ನಾನು ದೂರುವುದಿಲ್ಲ. ಗಂಟು ಎದ್ದಿದೆ ಎಂದು ಹೇಳಿದ ಮರುಗಳಿಗೆ ಡೈರಿಯಲ್ಲಿ ಹಾಲು ಬೇಡವೆನ್ನುತ್ತಾರೇನೋ, ನೆರೆಯವರು ಬಾವಿಗೆ ಬರಬೇಡ ಎನ್ನುತ್ತಾರೇನೋ, ಉಳಿದ ದನ ಮಾರಲಾಗದೇನೋ ಎಂಬ ಅಂಜಿಕೆ. ಕರ್ನಾಟಕ ಸರ್ಕಾರ ಆ ವರ್ಷ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತು. ಒಳ್ಳೆಯ ಕೆಲಸ. ಒಂದು ಕೊರತೆ ಇತ್ತು. ಹಣ ಸತ್ತದ್ದಕ್ಕೆ. ಬದುಕಿಯೂ ಹಾಲು ಬತ್ತಿದ, ಕಂದು ಹಾಕಿದ ಹಸುವಿನ ಒಡತಿಗೆ ಏನೂ ಇರಲಿಲ್ಲ. ಹೀಗಾಗಿ ಸುದ್ದಿ ನಮಗೆ ಮುಟ್ಟುವುದು ಹೆಣ ಬಿದ್ದ ಮೇಲೆ. ಅಷ್ಟರಲ್ಲಿ ನೊಣ ನಾಲ್ಕು ಊರು ದಾಟಿರುತ್ತದೆ. ಮೊದಲ ಜ್ವರಕ್ಕೇ ಹೇಳಿದವರಿಗೆ ಮೇವಿನ ಖರ್ಚು, ಉಚಿತ ಆರೈಕೆ, ಹಾಲಿನ ನಷ್ಟದ ಒಂದು ಪಾಲು ಕೊಟ್ಟರೆ ಅದನ್ನು ದಾನವೆಂದು ಯಾರೂ ಎಣಿಸಬೇಕಿಲ್ಲ. ಪ್ರಯೋಗಾಲಯದ ಉಪಕರಣಕ್ಕೆ ಮಾಡುವ ಖರ್ಚಿನಂತೆಯೇ ಅದೂ ರೋಗಪತ್ತೆಯ ಖರ್ಚು.

ಜನರ ಮಾತು ನಂಬಿ ಗೆದ್ದ ಒಂದು ದೊಡ್ಡ ಉದಾಹರಣೆ ನಮ್ಮ ಮುಂದಿದೆ. ನಮ್ಮ ಅಜ್ಜಂದಿರು ದೊಡ್ಡರೋಗ ಎಂದು ಹೆದರುತ್ತಿದ್ದ ರಿಂಡರ್‌ಪೆಸ್ಟ್. 1887ರಲ್ಲಿ ಅದು ಆಫ್ರಿಕಾದ ಕೆಂಪು ಸಮುದ್ರದ ದಡಕ್ಕೆ ಇಳಿದದ್ದು ಭಾರತದಿಂದ ತಂದ ದನಗಳ ಜೊತೆ ಎಂದು ಚರಿತ್ರಕಾರರು ಹೇಳುತ್ತಾರೆ. ಹತ್ತು ವರ್ಷದಲ್ಲಿ ಎತ್ತಿನ ಬಂಡಿಗಳ ದಾರಿ ಹಿಡಿದು ಖಂಡದ ದಕ್ಷಿಣ ತುದಿ ಮುಟ್ಟಿತು. ಹೋದಲ್ಲೆಲ್ಲ ಹಟ್ಟಿಗಳೇ ಬರಿದಾಗಿ ಇಥಿಯೋಪಿಯಾದಲ್ಲಿ ಭೀಕರ ಕ್ಷಾಮ ಬಂತು. ನೂರು ವರ್ಷಗಳ ಮೇಲೆ ಅದರ ಕೊನೆಯ ಅಡಗುದಾಣಗಳನ್ನು ಹುಡುಕುವಾಗ, ಕೀನ್ಯಾ ಸೊಮಾಲಿಯಾ ಗಡಿಯ ಅಲೆಮಾರಿ ದನಗಾಹಿಗಳ ಜೊತೆ ಪಶುವೈದ್ಯರು ಕುಳಿತು ಮಾತಾಡಿದರು. ಯಾವ ವರ್ಷದ ಬರದಲ್ಲಿ, ಯಾವ ನೀರಿನ ಬಳಿ, ಯಾವ ವಯಸ್ಸಿನ ಕರುಗಳಿಗೆ ಎಂದು ಆ ದನಗಾಹಿಗಳು ಹೇಳಿದ ಗುರುತುಗಳ ಜಾಡಿನಲ್ಲಿ ಹೋಗಿ ರೋಗ ಪತ್ತೆ ಮಾಡಿದರು. ಭಾರತದಲ್ಲಿಯೂ ತೊಂಬತ್ತರ ದಶಕದಲ್ಲಿ ಪಶುವೈದ್ಯ ಸಿಬ್ಬಂದಿ ಹಳ್ಳಿ ಹಳ್ಳಿ ತಿರುಗಿ, ಮನೆಯವರನ್ನು ಕೇಳಿ ಬರೆದುಕೊಂಡರು. 1995ರ ನಂತರ ನಮ್ಮಲ್ಲಿ ರೋಗ ಕಾಣಲಿಲ್ಲ, 2006ರಲ್ಲಿ ದೇಶಕ್ಕೆ ಮುಕ್ತಿಪತ್ರ ಸಿಕ್ಕಿತು. 2011ರಲ್ಲಿ ಜಗತ್ತಿನಿಂದಲೇ ಅದು ಹೋಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯ ಮೇಲಿಂದ ಅಳಿಸಿದ ಎರಡನೆಯ ರೋಗ ಅದು.

ನಮ್ಮ ಕೈಯಲ್ಲಿ ಇವತ್ತು ಅವರಿಗಿಂತ ಹೆಚ್ಚಿನ ಸಾಧನಗಳಿವೆ. ದನದ ಕಿವಿಯೋಲೆಯಲ್ಲಿ 12 ಅಂಕಿಯ ಗುರುತು ಇದೆ. ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆ ಮುಂದಿನ ತಿಂಗಳುಗಳಲ್ಲಿ ಯಾವ ಜಿಲ್ಲೆಗೆ ಯಾವ ರೋಗದ ಭಯವಿದೆಯೆಂದು ಮುಂಚಿತವಾಗಿ ತಿಳಿಸುತ್ತದೆ. ಹಿಸಾರ್ ಮತ್ತು ಇಜ್ಜತ್‌ನಗರದ ವಿಜ್ಞಾನಿಗಳು ಚರ್ಮಗಂಟು ರೋಗಕ್ಕೇ ಲಸಿಕೆ ರೂಪಿಸಿ 2022ರ ಆಗಸ್ಟ್‌ನಲ್ಲಿ ಹೊರತಂದರು. ಆ ಹೊತ್ತಿನಲ್ಲಿ ಮೇಕೆಸಿಡುಬಿನ ಲಸಿಕೆಯನ್ನೇ ಹಾಕುತ್ತಿದ್ದೆವು. ಇವೆಲ್ಲಕ್ಕಿಂತ ಬೆಲೆಬಾಳುವ, ಯಾರೂ ರೋಗಪತ್ತೆಗೆಂದು ತೆರೆದು ನೋಡದ ಪುಸ್ತಕವೊಂದಿದೆ: ಹಳ್ಳಿಯ ಹಾಲು ಉತ್ಪಾದಕರ ಸಂಘದ ದಾಖಲೆ. ದಿನಕ್ಕೆ ಎರಡು ಹೊತ್ತು, ಒಬ್ಬೊಬ್ಬ ಸದಸ್ಯರ ಹಾಲಿನ ಅಳತೆ ಅದರಲ್ಲಿದೆ. ಗಂಟು ಏಳುವ ಮೊದಲೇ ಜ್ವರಕ್ಕೆ ಹಾಲು ಇಳಿಯುತ್ತದೆಂದು ಆಗಲೇ ಹೇಳಿದೆ. ಒಂದು ಬೀದಿಯ ನಾಲ್ಕು ಮನೆಯ ಹಾಲು ಒಂದೇ ವಾರದಲ್ಲಿ ಕುಸಿದರೆ ಆ ಊರಿಗೆ ಮರುದಿನವೇ ಒಬ್ಬ ಪಶುವೈದ್ಯ ಹೋಗಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಸಂಘದ ಕಾರ್ಯದರ್ಶಿಗೂ ಪಶು ಆಸ್ಪತ್ರೆಗೂ ನಡುವೆ ಒಂದು ಫೋನ್ ಕರೆ ಸಾಕು.

ಸಂತೆಗಳಿಗೂ ಒಂದು ಪುಸ್ತಕ ಬೇಕು. ಬಾಗಿಲಲ್ಲಿ ಕಿವಿಯೋಲೆಯ ಸಂಖ್ಯೆ, ಬಂದ ಊರು. ಹೊರಗೆ ಹೋಗುವಾಗ ಕೊಂಡವರ ಊರು. ದಾಖಲೆ ತೆರಿಗೆಗೆ ಬಳಕೆಯಾಗುವುದಿಲ್ಲ, ದಂಡಕ್ಕೆ ಬಳಕೆಯಾಗುವುದಿಲ್ಲ ಎಂದು ಸರ್ಕಾರ ಬರೆದುಕೊಡಬೇಕು. ಆ ಭರವಸೆ ಇಲ್ಲದೆ ಕೇಳಿದರೆ ಸುಳ್ಳು ಊರುಗಳೇ ಬರೆಯಲ್ಪಡುತ್ತವೆ.

ಪಶುವೈದ್ಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಕೊಟ್ಟಿಗೆಗೆ ಹೋದಾಗ ಚಿಕಿತ್ಸೆ ಮುಗಿಸಿ ಎದ್ದುಬಿಡಬೇಡಿ. ಮೊದಲ ಗಂಟು ಯಾವತ್ತು ಕಂಡಿರಿ, ಅದಕ್ಕೆ ಮುಂಚಿನ ತಿಂಗಳು ಯಾವ ದನ ಒಳಗೆ ಬಂತು, ಯಾವುದು ಹೊರಗೆ ಹೋಯಿತು ಎಂದು ಕೇಳಿ, ಬರೆದುಕೊಳ್ಳಿ. ಹೆಂಗಸರನ್ನು ಕೇಳುವುದನ್ನು ಮರೆಯಬೇಡಿ. ಕೆಚ್ಚಲಿಗೆ ಕೈ ಹಾಕುವವರು ಅವರು, ಹಾಲು ಇಳಿದದ್ದು ಮೊದಲು ಅವರಿಗೇ ಗೊತ್ತಾಗುತ್ತದೆ. ರೈತ ಬಂಧುಗಳೇ, ಹೊಸದಾಗಿ ತಂದ ದನವನ್ನು 28 ದಿನ ಬೇರೆ ಕಟ್ಟಿ. ಜಾಗವಿಲ್ಲದಿದ್ದರೆ ಹೊಲದ ಮರದ ಕೆಳಗಾದರೂ ಸರಿ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಿ. ಜ್ವರ ಕಂಡ ದಿನವೇ ನಿಮ್ಮ ಊರಿನ ಪಶು ಆಸ್ಪತ್ರೆಗೆ ತಿಳಿಸಿ, ಗಂಟು ಏಳಲೆಂದು ಕಾಯಬೇಡಿ.